ಅಂಬೆಗಾಲಿಟ್ಟ ಕುಂಬಾರ

"ಗುರುಗಳೇ, ಹೇಳಿದ ಮಾತನ್ನು ಕೇಳದವರನ್ನು ಕಾಪಾಡುವುದು ಹೇಗೆ?" ಎಂದು ನಾಗಲಿಂಗ ಕೇಳಿದ.

ಮಠದಲ್ಲಿ ಓದುವ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಒಂದೇ ತಿಂಗಳಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಹೋಗಬೇಡಿ ಎಂದ ಕಡೆಗೇ ಮಕ್ಕಳು ಹೋಗುತ್ತಿದ್ದರು.

ಗುರುಗಳು ಮಧ್ಯಾಹ್ನದ ಅಡುಗೆಗೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಎಷ್ಟು ಸಲ ಹೇಳಿದೆ?"

"ನೂರು ಸಲ ಹೇಳಿದೆ, ಗುರುಗಳೇ."

"ಹಾಗಾದರೆ ಒಬ್ಬ ಕುಂಬಾರನ ಕತೆ ಹೇಳುತ್ತೇನೆ. ಕೂತುಕೋ" ಎಂದರು. ನಾಗಲಿಂಗ ಕೂತು, ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ತಿಪ್ಪಯ್ಯ ಎಂಬ ಕುಂಬಾರನಿದ್ದ. ಗಡಿಗೆ, ಕುಡಿಕೆ, ಗುಡಾಣ ಎಲ್ಲವನ್ನೂ ಮಾಡುತ್ತಿದ್ದ. ಆದರೆ ಅವನ ಹೆಸರು ಸುತ್ತಲಿನ ಮೂವತ್ತು ಊರಿಗೆ ಹಬ್ಬಿದ್ದು ಒಲೆಯಿಂದ. ಅವನು ಹಾಕಿದ ಒಲೆ ಹೊಗೆ ಉಗುಳುತ್ತಿರಲಿಲ್ಲ. ಎರಡು ಸೌದೆಯಲ್ಲಿ ಅನ್ನ, ಸಾರು ಎರಡೂ ಆಗುತ್ತಿದ್ದವು. ಯಾರಾದರೂ ಹೊಸ ಮನೆ ಕಟ್ಟಿಸಿದರೆ ಪುರೋಹಿತರಿಗೆ ಹೇಳಿಕಳಿಸುವ ಮೊದಲು ತಿಪ್ಪಯ್ಯನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳುತ್ತಿದ್ದ. ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ದೊಡ್ಡ ಪಾತ್ರೆ ಯಾವುದು ಎಂದು ಕೇಳುತ್ತಿದ್ದ. ಮೂರೇ ದಿನದಲ್ಲಿ ಒಲೆ ಹಾಕಿಕೊಟ್ಟು, ಅದರ ಮೇಲೆ ಮೊದಲ ಹಾಲು ಉಕ್ಕುವುದನ್ನು ನೋಡಿ ಮನೆಗೆ ಬರುತ್ತಿದ್ದ.

ಮದುವೆಯಾಗಿ ಒಂಬತ್ತು ವರ್ಷ ಅವನಿಗೂ ಅವನ ಹೆಂಡತಿ ಮಾಳವ್ವನಿಗೂ ಮಕ್ಕಳಾಗಲಿಲ್ಲ. ಹತ್ತನೆಯ ವರ್ಷ ಹೆಣ್ಣುಮಗು ಹುಟ್ಟಿತು. ಪಾರಿ ಎಂದು ಹೆಸರಿಟ್ಟರು. ತಿಪ್ಪಯ್ಯನ ಕೈ ಅಂದಿನಿಂದ ಗಡಿಗೆ ಮಾಡುವುದನ್ನು ಅರ್ಧ ಮರೆಯಿತು. ಬೆರಳುದ್ದದ ಕುದುರೆ, ಹುಣಸೆಬೀಜದಷ್ಟು ಬಿಂದಿಗೆ, ಸೊಂಡಿಲು ಮೇಲೆತ್ತಿದ ಆನೆ, ಇಂಥವೇ ಹುಟ್ಟುತ್ತಿದ್ದವು. ಅವನ ಮುದಿತಾಯಿ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ, "ನನ್ನ ಮಗ ಗಡಿಗೆ ಮಾರುವುದು ಬಿಟ್ಟ, ಈಗ ಬರೀ ಆನೆ ಕುದುರೆ ಸಾಕುತ್ತಾನೆ" ಎಂದು ಹೇಳಿ ನಗುತ್ತಿದ್ದಳು.

ಎಂಟನೆಯ ತಿಂಗಳಿಗೆ ಪಾರಿ ಅಂಬೆಗಾಲಿಟ್ಟಳು. ಆ ದಿನ ತಿಪ್ಪಯ್ಯ ಗಡಿಗೆ ತಿರುಗಿಸುವ ತಿಗರಿ ಬಿಟ್ಟು ಎದ್ದು ಬಂದು, ಮಂಡಿಯೂರಿ, ಎರಡೂ ಕೈ ಚಾಚಿ ಕರೆದ. ಅಜ್ಜಿ ಆ ಕಡೆಯಿಂದ ಚಪ್ಪಾಳೆ ತಟ್ಟಿ ಕರೆದಳು. ಮಗು ಅಜ್ಜಿಯನ್ನು ದಾಟಿತು, ಅಪ್ಪನ ಕೈಯನ್ನೂ ದಾಟಿತು, ನೇರವಾಗಿ ಒಲೆಯ ಹತ್ತಿರ ಹೋಯಿತು. ಅಡುಗೆ ಮಾಡುತ್ತಿದ್ದ ಮಾಳವ್ವ ಗಾಬರಿಯಾಗಿ ಎತ್ತಿಕೊಂಡಳು. ಮೂವರೂ ನಕ್ಕರು.

ಮರುದಿನವೂ ಮಗು ಒಲೆಗೇ ಹೋಯಿತು. ಅದರ ಮರುದಿನ, ಒಲೆಯ ಬಾಯಿಂದ ಹೊರಗೆ ಚಾಚಿಕೊಂಡಿದ್ದ ಸೌದೆಯ ತುದಿ ಹಿಡಿದು ಎಳೆಯಿತು. ಒಂದು ಕೆಂಡ ಉರುಳಿ ಬಂದು ಮಗುವಿನ ಮಂಡಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಆ ಸಲ ಯಾರೂ ನಗಲಿಲ್ಲ. ತಿಪ್ಪಯ್ಯ ತಿಗರಿಗೆ ಹೋಗಿ ಕೂತ. ಆ ದಿನ ಮಾಡಿದ ಗಡಿಗೆಗಳ ಬಾಯಿ ಒಂದೂ ದುಂಡಗೆ ಬರಲಿಲ್ಲ.

ಆ ಒಲೆ ತಿಪ್ಪಯ್ಯ ತನ್ನ ಕೈಯಾರೆ ಹಾಕಿದ ಮೊಟ್ಟಮೊದಲ ಒಲೆ. ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡು, ನೆಲದ ಮಟ್ಟಕ್ಕೆ ಇತ್ತು. ಅದರಲ್ಲಿ ಅವನಿಗೆ ಒಂದೂ ಕೊರತೆ ಕಾಣಲಿಲ್ಲ. ಮಗುವನ್ನು ತಿದ್ದಬೇಕು ಎಂದುಕೊಂಡ.

ಮೊದಲು ಅಜ್ಜಿ ತಿದ್ದಿದಳು. ಮಗು ಒಲೆಯ ಕಡೆ ಹೊರಟಾಗಲೆಲ್ಲ ಬೆರಳು ಅಲ್ಲಾಡಿಸಿ, ಕಣ್ಣು ದೊಡ್ಡದು ಮಾಡಿ, "ಹಾ! ಹಾ! ಸುಡುತ್ತೆ!" ಎನ್ನುತ್ತಿದ್ದಳು. ಪಾರಿಗೆ ಅದು ಬಹಳ ಹಿಡಿಸಿತು. ನಾಲ್ಕನೆಯ ದಿನ ತಾನೂ ಬೆರಳು ಅಲ್ಲಾಡಿಸಿ "ಹಾ! ಹಾ!" ಎಂದಳು. ಅದೇ ಅವಳ ಮೊದಲ ಮಾತು. ಮೊಮ್ಮಗಳು ಮಾತಾಡಿದಳು ಎಂದು ಅಜ್ಜಿ ಓಣಿಗೆಲ್ಲ ಬೆಲ್ಲ ಹಂಚಿ ಬರುವಷ್ಟರಲ್ಲಿ ಪಾರಿ "ಹಾ! ಹಾ!" ಎನ್ನುತ್ತಲೇ ಒಲೆ ಮುಟ್ಟುವಷ್ಟು ಹತ್ತಿರ ಹೋಗಿದ್ದಳು.

ಆಮೇಲೆ ತಿಪ್ಪಯ್ಯ ಒಂದು ಗುಮ್ಮನನ್ನು ಮಾಡಿದ. ದೊಡ್ಡ ಗಡಿಗೆಯೊಂದಕ್ಕೆ ಉಬ್ಬಿದ ಕಣ್ಣು, ಕೋರೆಹಲ್ಲು, ಮೊಳದುದ್ದದ ಮೀಸೆ, ಹೊರಗೆ ಚಾಚಿದ ಕೆಂಪು ನಾಲಗೆ ಇಟ್ಟು, ಒಲೆಯ ಮುಂದೆ ಕೂರಿಸಿದ. ನೋಡಲು ಬಂದ ಓಣಿಯ ದೊಡ್ಡ ಹುಡುಗರು ಹೆದರಿ ಓಡಿದರು. ಪಾರಿ ಅದರ ಎದುರು ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಅದರ ಎರಡೂ ಕೆನ್ನೆಗೆ ಪಟಪಟ ಹೊಡೆದಳು. ನಾಲಗೆ ಹಿಡಿದು ಎಳೆದಳು. ಗುಮ್ಮನನ್ನು ತಬ್ಬಿಕೊಂಡು ಹಾಗೇ ನಿದ್ದೆ ಹೋದಳು.

ತಿಪ್ಪಯ್ಯ ಗಡಿಗೆಗಳ ಬೇಲಿ ಕಟ್ಟಿದ. ಪಾರಿ ತುದಿಯ ಗಡಿಗೆ ತಳ್ಳಿದಳು. ಅದು ಪಕ್ಕದ್ದಕ್ಕೆ ಬಡಿಯಿತು, ಅದು ಅದರಾಚೆಯದಕ್ಕೆ ಬಡಿಯಿತು. ಎಲ್ಲವೂ ಒಡೆದು ಮುಗಿಯುವವರೆಗೆ ಅವಳು ಚಪ್ಪಾಳೆ ತಟ್ಟಿದಳು. ಅವನು ಕಾಳು ತುಂಬಿಡುವ ದೊಡ್ಡ ಗುಡಾಣಗಳನ್ನು ತಂದಿಟ್ಟ. ಅವು ಅಲುಗಲಿಲ್ಲ. ಆದರೆ ಗುಡಾಣದ ಕಂಠ ಹಿಡಿದು ಪಾರಿ ಎದ್ದು ನಿಲ್ಲಲು ಕಲಿತಳು. ನಿಂತಮೇಲೆ ಕೈ ಇನ್ನೂ ದೂರಕ್ಕೆ ನಿಲುಕಿತು.

ಕೊನೆಗೆ, ಮನಸ್ಸು ಗಟ್ಟಿ ಮಾಡಿಕೊಂಡು, ಮಾಳವ್ವನ ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಮಗುವಿನ ಸೊಂಟವನ್ನು ನಡುಮನೆಯ ಕಂಬಕ್ಕೆ ಕಟ್ಟಿದ. ಪಾರಿ ಅತ್ತಳು. ಬೆಳಗ್ಗೆಯಿಂದ ಹೊತ್ತು ನೆತ್ತಿಗೆ ಬರುವವರೆಗೂ ಅತ್ತಳು. ಗುಮ್ಮನನ್ನು ತಂದು ಮುಂದಿಟ್ಟರೂ ನೋಡಲಿಲ್ಲ, ಆನೆ ಕುದುರೆಯನ್ನೂ ನೋಡಲಿಲ್ಲ. ಕೂತ ಜಾಗದಿಂದಲೇ ಒಲೆಯ ಕಡೆ ಕೈ ಚಾಚಿದ್ದಳು. ತಿಪ್ಪಯ್ಯನಿಗೆ ತಿಗರಿಯ ಮುಂದೆ ಕೂರಲಾಗಲಿಲ್ಲ. ಬಂದು ಗಂಟು ಬಿಚ್ಚಿದ. ಬಿಚ್ಚಿದ ಗಳಿಗೆಯಲ್ಲೇ ಅವಳು ಮತ್ತೆ ಒಲೆಗೆ ಹೊರಟಳು.

"ಇದು ಹಟವಲ್ಲ ಮಗನೇ" ಎಂದಳು ಅಜ್ಜಿ. "ಬೆಂಕಿಯೇ ಇವಳನ್ನು ಕರೆಯುತ್ತಿದೆ. ಇವಳು ಹುಟ್ಟಿದ ನಕ್ಷತ್ರ ನೋಡಿಸಬೇಕು."

ತಿಪ್ಪಯ್ಯನಿಗೂ ಹಾಗೇ ಅನ್ನಿಸಿತು. ಬೆಂಕಿಯೇ ಕಣ್ಣಿಗೆ ಬೀಳಬಾರದು ಎಂದು ಮೂರು ಕಲ್ಲಿಟ್ಟು ಹಿತ್ತಿಲಲ್ಲಿ ಒಲೆ ಹೂಡಿದ. ಮಾಳವ್ವ ಅಲ್ಲಿ ಕೂತು ಸಾರು ಕುದಿಸಿದಳು. ಪಾರಿ ನಡುಮನೆ ದಾಟಿ, ಹೊಸ್ತಿಲು ದಾಟಿ, ಹಿತ್ತಿಲಿಗೂ ಬಂದಳು. ಯಾರೂ ನೋಡಿರಲಿಲ್ಲ. ಮಾಳವ್ವನ ಪಕ್ಕದಿಂದ ಸುತ್ತಿ, ಒಲೆಗೂ ಅವಳಿಗೂ ನಡುವೆ ನುಗ್ಗಿ, ಆಸರೆಗೆ ಗಡಿಗೆಯನ್ನೇ ಹಿಡಿಯಲು ಕೈ ಎತ್ತಿದಳು. ಮಾಳವ್ವ ಒಂದು ಕೈಯಿಂದ ಮಗುವನ್ನು ಹಿಂದಕ್ಕೆ ದಬ್ಬಿ ಇನ್ನೊಂದು ಕೈ ಅಡ್ಡ ಹಿಡಿದಳು. ಗಡಿಗೆ ವಾಲಿತು. ಕುದಿಯುವ ಸಾರು ಅವಳ ಮುಂಗೈ ಮೇಲೆ ಬಿತ್ತು.

ತಿಪ್ಪಯ್ಯ ಓಡಿ ಬಂದ. ಕೊಡಗಟ್ಟಲೆ ತಣ್ಣೀರು ಸುರಿದ. ಮಗುವಿಗೆ ಏನೂ ಆಗಿರಲಿಲ್ಲ. ಮಾಳವ್ವನ ಕೈ ಮೊಣಕೈವರೆಗೆ ಕೆಂಪಗಾಗಿತ್ತು. ಅವಳು ಅಳಲಿಲ್ಲ. "ಇದು ನನ್ನ ಕೈ. ಮಗುವಿನದಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದಳು. ಮೂವತ್ತು ಊರಿನ ಬೆಂಕಿಯನ್ನು ಹದದಲ್ಲಿಟ್ಟವನು ತನ್ನ ಮನೆಯ ಬೆಂಕಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು.

ಮರುದಿನ ಮಾಳವ್ವ ಕೈಗೆ ಬಟ್ಟೆ ಸುತ್ತಿಕೊಂಡು ಪಡಸಾಲೆಯಲ್ಲಿ ಮಲಗಿದಳು. ಅಜ್ಜಿಗೆ ಬಗ್ಗಿ ಅಡುಗೆ ಮಾಡುವ ಶಕ್ತಿ ಇರಲಿಲ್ಲ. ತಿಪ್ಪಯ್ಯನೇ ಒಳಗಿನ ಒಲೆಗೆ ಬೆಂಕಿ ಹಾಕಿ ಕೂತ. ಯುದ್ಧಕ್ಕೆ ಕೂತವನಂತೆ ಕೂತ. ಒಂದು ಕಣ್ಣು ಗಂಜಿಯ ಮೇಲೆ, ಒಂದು ಕಣ್ಣು ಮಗುವಿನ ಮೇಲೆ. ಬಲಕ್ಕೊಂದು ಕೊಡ ನೀರು, ಎಡಕ್ಕೊಂದು ಕೊಡ ನೀರು.

ಪಾರಿ ನಡುಮನೆಯ ಮಧ್ಯದಲ್ಲಿ ಕೂತಿದ್ದಳು. ಒಲೆಯ ಕಡೆ ನೋಡಿದಳು. ಬೆಂಕಿ ಧಗಧಗ ಉರಿಯುತ್ತಿತ್ತು. ಅವಳು ತಿರುಗಿ ಪಡಸಾಲೆಗೆ ಹೋದಳು.

ತಿಪ್ಪಯ್ಯ ಕಾದ. ಗಂಜಿ ಬೆಂದಿತು. ಮಗು ಬರಲಿಲ್ಲ. ಅವನು ಇನ್ನೆರಡು ಸೌದೆ ಹಾಕಿದ. ಬರಲಿಲ್ಲ. "ಪಾರೀ" ಎಂದು ಕರೆದ. ಅವಳು ಬಾಗಿಲಲ್ಲಿ ಮುಖ ತೋರಿಸಿ, ಬೆರಳು ಅಲ್ಲಾಡಿಸಿ, "ಹಾ! ಹಾ!" ಎಂದು ಹೇಳಿ ತಾಯಿಯ ಹತ್ತಿರಕ್ಕೆ ವಾಪಸು ಹೋದಳು.

ತಿಪ್ಪಯ್ಯ ಕೈಯಲ್ಲಿ ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದ.

"ಮಾಳವ್ವ, ಸ್ವಲ್ಪ ಏಳುತ್ತೀಯಾ? ಆ ತಿಗರಿಯ ಹತ್ತಿರ ಹೋಗಿ ಕೂತುಕೋ."

ಅವಳು ಹೋಗಿ ಕೂತಳು. ಪಾರಿ ತಿಗರಿಗೆ ಹೋದಳು.

"ಈಗ ಬಾಗಿಲ ಹತ್ತಿರ."

ಪಾರಿ ಬಾಗಿಲಿಗೆ ಹೋದಳು.

"ಈಗ ಆ ಗುಡಾಣದ ಹಿಂದೆ."

ಪಾರಿ ಗುಡಾಣದ ಹಿಂದೆ ಹೋದಳು. ಮಾಳವ್ವನಿಗೆ ಕೈ ನೋವಿನಲ್ಲೂ ನಗು ಬಂತು. ಅವಳು ಮನೆಯಲ್ಲೆಲ್ಲ ತಿರುಗಿದಳು. ಅವಳ ಹಿಂದೆ ಮಗು ಅಂಬೆಗಾಲಿನಲ್ಲಿ ತಿರುಗಿತು. ಅದರ ಹಿಂದೆ ತಿಪ್ಪಯ್ಯ ಸೌಟು ಹಿಡಿದು ತಿರುಗಿದ. "ಈ ಮನೆಯಲ್ಲಿ ಮಗು ಒಂದೇ ಎಂದುಕೊಂಡಿದ್ದೆ" ಎಂದಳು ಅಜ್ಜಿ.

ತಿಪ್ಪಯ್ಯ ನಗಲಿಲ್ಲ. ಅವನು ಇನ್ನೊಂದನ್ನು ತಿಳಿಯಬೇಕಿತ್ತು. ಒಲೆಯ ಬೆಂಕಿ ಆರಿಸಿ, ಬೂದಿಗೆ ನೀರು ಹಾಕಿ, ಮಾಳವ್ವನನ್ನು ದಿನವೂ ಕೂರುವ ಜಾಗದಲ್ಲಿ ಕೂರಿಸಿದ. ಆಮೇಲೆ ಪಾರಿಯ ಪಕ್ಕದಲ್ಲಿ ತಾನೂ ಅಂಗೈ ನೆಲಕ್ಕೂರಿ ಅಂಬೆಗಾಲಿಟ್ಟ. ತಲೆ ತಗ್ಗಿಸಿ ಮಗುವಿನ ಎತ್ತರಕ್ಕೆ ತಂದ. ಅಲ್ಲಿಂದ ನೋಡಿದ.

ಹೆಂಡತಿಯ ಬೆನ್ನು ಕಂಡಿತು. ಅಷ್ಟೇ ಕಂಡಿತು.

ಅವನು ಅಂಬೆಗಾಲಿನಲ್ಲೇ ಬಲಕ್ಕೆ ಸರಿದ. ಭುಜ ಕಂಡಿತು. ಇನ್ನೂ ಸರಿದ. ಕಿವಿ ಕಂಡಿತು. ಮೂಲೆಯ ಗೋಡೆ ಅಡ್ಡ ಬಂತು. ಮಾಳವ್ವನ ಮುಖ ಕಾಣಬೇಕಾದರೆ ಅವಳ ಮತ್ತು ಒಲೆಯ ನಡುವೆ ನುಗ್ಗುವುದೊಂದೇ ದಾರಿ. ನುಗ್ಗಿ ನೋಡಿದ. ಅವನ ಸೊಂಟಕ್ಕೆ ಒಲೆಯ ಬಾಯಿ ತಾಗಿತು, ಎದುರಿಗೆ ಮಾಳವ್ವನ ಮುಖ ಇತ್ತು.

"ಏನ್ರೀ ಇದು? ಏನು ನೋಡುತ್ತಿದ್ದೀರಿ?" ಎಂದಳು ಅವಳು.

"ಇವಳು ದಿನವೂ ನೋಡಲು ಬರುತ್ತಿದ್ದದ್ದನ್ನು" ಎಂದ ತಿಪ್ಪಯ್ಯ. ಅವನ ಕಣ್ಣು ತುಂಬಿತ್ತು. "ಇವಳಿಗೆ ಬೆಂಕಿ ಬೇಕಾಗಿರಲಿಲ್ಲ, ಮಾಳವ್ವ. ನಿನ್ನ ಮುಖ ಬೇಕಾಗಿತ್ತು. ಮನೆಗೆ ಬೆನ್ನು ಮಾಡಿ ಕೂರುವ ಹಾಗೆ ನಿನ್ನನ್ನು ಇಲ್ಲಿ ಕೂರಿಸಿದವನು ನಾನು."

ಅವನು ಆ ದಿನವೇ ಗುದ್ದಲಿ ತಂದ. ಅಜ್ಜಿ ತಡೆದಳು. "ನೀನು ಹಾಕಿದ ಮೊದಲ ಒಲೆ ಅದು. ಅದರಿಂದಲೇ ನಿನಗೆ ಹೆಸರು ಬಂದದ್ದು." ತಿಪ್ಪಯ್ಯ ಒಲೆಗೆ ಕೈಮುಗಿದ. "ಹೌದವ್ವ. ಗಾಳಿ ಕೇಳಿದೆ, ಹೊಗೆ ಕೇಳಿದೆ, ಪಾತ್ರೆ ಕೇಳಿದೆ. ಇದರ ಮುಂದೆ ಯಾರು ಕೂರುತ್ತಾರೆ, ಅವರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಮಾತ್ರ ಕೇಳಲಿಲ್ಲ" ಎಂದು ಹೇಳಿ ಒಡೆದ.

ಹೊಸ ಒಲೆಯನ್ನು ಅವನು ತಿರುಗಿಸಿ ಹಾಕಿದ. ಮಾಳವ್ವ ಮೂಲೆಗೆ ಬೆನ್ನು ಕೊಟ್ಟು, ಮನೆಯ ಕಡೆ ಮುಖ ಮಾಡಿ ಕೂರಬೇಕು. ಒಲೆಯ ಬಾಯಿ ಅವಳ ಕಡೆಗಿರಬೇಕು, ಸೌದೆಯ ತುದಿ ಮನೆಯ ಕಡೆ ಚಾಚಬಾರದು. ಗಡಿಗೆ ಕೂರುವ ಗುಂಡಿಯನ್ನು ಆಳ ಮಾಡಿದ, ತಳ್ಳಿದರೂ ವಾಲದ ಹಾಗೆ. ಇಕ್ಕಳ, ಸೌಟು, ಊದುಗೊಳವೆಗೆ ಗೋಡೆಯಲ್ಲಿ ಎತ್ತರಕ್ಕೆ ಗೂಟ ಹೊಡೆದ. ಒಲೆಗೂ ಮನೆಗೂ ನಡುವೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಬಿಲ್ಲಿನಂತೆ ಬಾಗಿದ ಒಂದು ಮಣ್ಣಿನ ಮೋಟುಗೋಡೆ ಎಬ್ಬಿಸಿದ. ಒಳಗೆ ಹೋಗಿ ಬರಲು ಒಂದು ಬಿದಿರಿನ ಕದ ಇಟ್ಟ. ಅದರ ಅಗುಳಿ ಒಳಬದಿಯಲ್ಲಿತ್ತು.

ತೊಡಕು ಬಂದದ್ದು ಮೋಟುಗೋಡೆಯ ಎತ್ತರದಲ್ಲಿ. ಪಾರಿ ನಿಂತು ಕೈ ಎತ್ತಿದರೂ ಅಂಚು ನಿಲುಕಬಾರದು. ಹಾಗೆ ಕಟ್ಟಿದರೆ ಕೂತ ಮಾಳವ್ವನ ಮುಖ ಮಗುವಿಗೆ ಕಾಣುತ್ತಿರಲಿಲ್ಲ. ಮುಖ ಕಾಣುವಷ್ಟು ತಗ್ಗಿಸಿದರೆ ಮಗುವಿನ ಕೈ ಒಳಗೆ ಬರುತ್ತಿತ್ತು. ತಿಪ್ಪಯ್ಯ ಒಂದು ಹಿಡಿ ಮಣ್ಣು ಇಡುವುದು, ಆಚೆ ಹೋಗಿ ನೆಲದ ಮೇಲೆ ಮಲಗಿ ನೋಡುವುದು, ಎದ್ದು ಬಂದು ಅದೇ ಹಿಡಿ ಮಣ್ಣು ತೆಗೆಯುವುದು, ಹೀಗೆ ಒಂದು ಇಡೀ ಹಗಲು ಕಳೆದ.

"ಗಲ್ಲ ಕಾಣುತ್ತಾ?" ಎಂದು ಒಳಗಿನಿಂದ ಮಾಳವ್ವ ಕೇಳುತ್ತಿದ್ದಳು.

"ಹಣೆ ಕಾಣುತ್ತೆ."

"ಈಗ?"

"ಈಗ ಅದೂ ಇಲ್ಲ."

ಮಾಳವ್ವನಿಗೆ ಕೂತು ಕೂತು ಸಾಕಾಯಿತು. "ಗೋಡೆಯನ್ನು ಏಕೆ ತಗ್ಗಿಸುತ್ತೀರಿ? ನನ್ನನ್ನು ಎತ್ತರಕ್ಕೆ ಕೂರಿಸಿ" ಎಂದಳು.

ತಿಪ್ಪಯ್ಯ ಮಲಗಿದ್ದಲ್ಲಿಂದ ಎದ್ದು ಕೂತ. ಇಪ್ಪತ್ತು ವರ್ಷದ ಕಸುಬಿನಲ್ಲಿ ಒಲೆಯ ಮುಂದೆ ಕೂರುವವರನ್ನು ಕೇಳಿದ್ದರೆ ಎಷ್ಟೊಂದು ಕಲಿಯುತ್ತಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು. ಅವಳಿಗೊಂದು ಅಗಲವಾದ ಕಟ್ಟೆ ಕಟ್ಟಿದ. ಒಲೆಯನ್ನೂ ಅಷ್ಟೇ ಎತ್ತರಿಸಿದ. ಗೋಡೆ ಇರಬೇಕಾದಷ್ಟು ಎತ್ತರ ನಿಂತಿತು, ಅದರ ಮೇಲೆ ಮಾಳವ್ವನ ಮುಖ ಪೂರ್ತಿ ಕಂಡಿತು. ಅವಳಿಗೆ ಇನ್ನು ಬಗ್ಗಿ ಊದುವ ಕಷ್ಟವೂ ತಪ್ಪಿತು. ಅವಳ ಕೈಯ ಸುಟ್ಟ ಗಾಯ ಮಾಯುವಷ್ಟರಲ್ಲಿ ಮಣ್ಣೂ ಒಣಗಿತು.

ಒಲೆ ಹೊತ್ತಿಸುವ ದಿನ ತಿಪ್ಪಯ್ಯ ಮೊದಲು ಮಗುವನ್ನು ಬಿಡಲಿಲ್ಲ. ದೊಡ್ಡ ಬೆಂಕಿ ಮಾಡಿಸಿ, ಗೋಡೆಯ ಹೊರಮೈಗೆ ತನ್ನ ಕೆನ್ನೆ ಒತ್ತಿ ಕೂತ. ಹೊಟ್ಟು ಬೆರೆಸಿದ ದಪ್ಪ ಮಣ್ಣಿನ ಗೋಡೆ. ಒಂದು ಗಡಿಗೆ ನೀರು ಕುದಿದು ಇಳಿಯುವವರೆಗೆ ಕೂತ. ಕೆನ್ನೆಗೆ ತಣ್ಣಗೇ ಇತ್ತು. ಆಮೇಲೆ ಮಗುವನ್ನು ನೆಲಕ್ಕೆ ಬಿಟ್ಟ.

ಪಾರಿ ಹೊರಟಳು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಮಗು ಗೋಡೆಯವರೆಗೆ ಹೋಯಿತು, ಗೋಡೆ ಹಿಡಿದು ಎದ್ದು ನಿಂತಿತು, ತಲೆ ಎತ್ತಿತು. ಮೇಲಿನಿಂದ ಮಾಳವ್ವ ನೋಡುತ್ತಿದ್ದಳು.

"ಯಾರದು?" ಎಂದಳು ಮಾಳವ್ವ.

ಪಾರಿ ಗಟ್ಟಿಯಾಗಿ ನಕ್ಕಳು. ನಕ್ಕ ರಭಸಕ್ಕೆ ಕೈ ಬಿಟ್ಟು ದೊಪ್ಪನೆ ನೆಲಕ್ಕೆ ಕೂತಳು. ಕೂತಲ್ಲಿಂದಲೂ ತಾಯಿಯ ಮುಖ ಕಾಣುತ್ತಿತ್ತು. ಅಲ್ಲೇ ಕೂತಳು. ತಾಯಿ ರೊಟ್ಟಿ ತಟ್ಟಿದರೆ ಅವಳೂ ಗೋಡೆ ತಟ್ಟಿದಳು. ತಾಯಿ ಹಾಡಿದರೆ ಅವಳೂ ತನಗೆ ಬಂದ ಹಾಗೆ ಹಾಡಿದಳು. ಬಾಗಿಲಲ್ಲಿದ್ದ ಹೆಂಗಸರು ಒಳಗೆ ಬಂದರು. ಪಕ್ಕದ ಮನೆಯ ನೇಕಾರರ ಮುದುಕಿ ಬಿದಿರಿನ ಕದದ ಮೇಲಿಂದ ಕೈ ಹಾಕಿ ಅಗುಳಿ ತೆಗೆದು ಒಳಗೆ ಹೋಗಿ, ಕಟ್ಟೆಯ ಮೇಲೆ ತಾನೂ ಕೂತು ನೋಡಿದಳು. "ಅಯ್ಯೋ, ಇಲ್ಲಿಂದ ಮನೆಯೆಲ್ಲ ಕಾಣುತ್ತೆ! ಐವತ್ತು ವರ್ಷ ನಾನು ಗೋಡೆ ನೋಡಿಕೊಂಡು ಅಡುಗೆ ಮಾಡಿದೆನಲ್ಲೇ!" ಎಂದು ಕೂಗಿದಳು. ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಅಂದು ಮಾಡಿದ ರೊಟ್ಟಿ ಬಂದವರಿಗೇ ಮುಗಿದು, ಮತ್ತೆ ಹಿಟ್ಟು ಕಲಸಬೇಕಾಯಿತು.

ಅದಾದ ಮೇಲೆ ತಿಪ್ಪಯ್ಯ ತಾನು ಹಿಂದೆ ಒಲೆ ಹಾಕಿಕೊಟ್ಟ ಮನೆಗಳಿಗೆಲ್ಲ ಹೋದ. ಯಾರೂ ಕರೆದಿರಲಿಲ್ಲ. ಎಳೆಯ ಮಕ್ಕಳಿದ್ದ ಮನೆಗೆ ಮೊದಲು ಹೋದ, ಬಸುರಿಯರಿದ್ದ ಮನೆಗೆ ಆಮೇಲೆ ಹೋದ. ಹೋದವನು ಗುದ್ದಲಿಯನ್ನು ಹೊರಗಿಟ್ಟು, ಮನೆಯಾಕೆಯನ್ನು ಒಲೆಯ ಮುಂದೆ ಕೂರಲು ಹೇಳಿ, ಪಂಚೆ ಎತ್ತಿ ಕಟ್ಟಿ ಅಂಬೆಗಾಲಿಡುತ್ತಿದ್ದ. ಗೌಡರ ಮನೆಯಲ್ಲೂ ಇಟ್ಟ, ಪೂಜಾರಿಯ ಮನೆಯಲ್ಲೂ ಇಟ್ಟ. ಒಂದು ಊರಿನಲ್ಲಿ ಅವನ ಬೆನ್ನ ಮೇಲೆ ಇಬ್ಬರು ಮಕ್ಕಳು ಹತ್ತಿ ಕೂತರು. ಅವನು ಅವರನ್ನು ಹೊತ್ತುಕೊಂಡೇ ಒಲೆಯ ಸುತ್ತ ನೋಡಿ ಮುಗಿಸಿದ. ಇಷ್ಟು ದೊಡ್ಡ ಕಸುಬುದಾರ ಹೀಗೆ ನೆಲ ಹಿಡಿದನಲ್ಲ ಎಂದು ಕೆಲವರು ಆಡಿಕೊಂಡರು. ಅವನ ಕಿವಿಗೆ ಅದು ಬಿತ್ತು. ಮರುದಿನ ಅವರ ಮನೆಗೂ ಹೋಗಿ ಅಂಬೆಗಾಲಿಟ್ಟ. ಆ ಸೀಮೆಯಲ್ಲಿ ಅವನನ್ನು ಅಂಬೆಗಾಲ ತಿಪ್ಪಯ್ಯ ಎಂದು ಕರೆಯತೊಡಗಿದರು. ಹಾಗೆ ಕರೆದರೆ ಅವನು ಓಗೊಡುತ್ತಿದ್ದ.

ಗುರುಗಳು ಕತೆ ಮುಗಿಸಿ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಒಟ್ಟಿದರು. ನಾಗಲಿಂಗ ಇನ್ನೂ ನಗುತ್ತಿದ್ದ. ಕಣ್ಣೊರೆಸಿಕೊಂಡ. ಆಮೇಲೆ ತಾನು ಕೇಳಿದ ಪ್ರಶ್ನೆ ಅವನಿಗೆ ನೆನಪಾಯಿತು.

"ಕತೆ ಚೆನ್ನಾಗಿದೆ, ಗುರುಗಳೇ. ಅಷ್ಟು ಜನ ಅಷ್ಟು ಹೇಳಿದರೂ ಕೇಳದ ಆ ಮಗು ಕೊನೆಗಾದರೂ ಮಾತು ಕೇಳುವುದನ್ನು ಕಲಿಯಿತೇ?"

ಗುರುಗಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದರು.

"ನಾಗಲಿಂಗ, ಆ ಮನೆಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳದೆ ಇದ್ದದ್ದು ಮಗುವಲ್ಲ."